ಮೂರೂವರೆ ಬೆರಳು

ಆ ಮನೆಯಲ್ಲಿ ಊಟಕ್ಕೆ ಕೂರುವ ಮೊದಲು ನೆಲಕ್ಕೆ ಜಾಹೀರಾತು ಹಾಸುತ್ತಿದ್ದರು. ಅಪ್ಪನಿಗೆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಟಿಂಗ್ ಮಶೀನಿನ ಕೆಲಸ. ಬಣ್ಣ ಕೆಟ್ಟ, ಅಂಚು ಓರೆಯಾದ ಪೋಸ್ಟರುಗಳನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಆಗಾಗ ಮನೆಗೆ ತರುತ್ತಿದ್ದ. ಅಡುಗೆಮನೆಯ ಕಪಾಟಿನಲ್ಲಿ ಡಬ್ಬಿಗಳ ಕೆಳಗೆ ‘ಸಿಗರೇಟು ಬಿಡು, ಉಸಿರಾಡು’, ಮಗಳ ಪುಸ್ತಕಗಳ ಹೊದಿಕೆಗೆ ‘ಮಾದಕ ವಸ್ತು ಬೇಡ ಗೆಳೆಯಾ’, ಬಚ್ಚಲ ಕಿಟಕಿಯ ಒಡೆದ ಗಾಜಿಗೆ ‘ಹೆಲ್ಮೆಟ್ ಹಾಕು, ಅಮ್ಮ ಕಾಯುತ್ತಿದ್ದಾಳೆ’. ಹರೆಯದವರನ್ನು ಉದ್ಧಾರ ಮಾಡುವ ಇಷ್ಟು ಮಾತು ಒಂದೇ ಸೂರಿನ ಕೆಳಗೆ ಸೇರಿದ್ದ ಮನೆ ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ. ಯಾರೂ ಓದುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಬೇಳೆ ಚೆಲ್ಲಿದರೆ ಮುದುರಿ ಎಸೆಯಬಹುದು, ನೆಲ ಒರೆಸುವುದು ತಪ್ಪುತ್ತದೆ, ಅಷ್ಟೇ ಅದರ ಉಪಯೋಗ.

ಅಪ್ಪನ ಬಲಗೈಯ ಉಂಗುರದ ಬೆರಳು ಅರ್ಧ ಮಾತ್ರ ಇತ್ತು. ಮಿಕ್ಕರ್ಧವನ್ನು ಮಶೀನು ಎಂದೋ ತೆಗೆದುಕೊಂಡಿತ್ತು. ಪ್ರೆಸ್ಸಿನವರು ಹೆಬ್ಬೆರಳನ್ನು ಲೆಕ್ಕಕ್ಕೆ ಹಿಡಿಯದೆ ಅವನಿಗೆ ‘ಮೂರೂವರೆ’ ಎಂದು ಹೆಸರಿಟ್ಟಿದ್ದರು. ಅವನಿಗೆ ಅದರ ಬೇಸರವೇನೂ ಇರಲಿಲ್ಲ. ಹೊಸದಾಗಿ ಸೇರಿದವರ ಮುಂದೆ ಮೋಟು ಬೆರಳು ಕುಣಿಸಿ, “ಇಷ್ಟು ತಿಂದು ಸಾಕಪ್ಪಾ ಅಂತ ಬಿಡ್ತು. ನನ್ನ ರುಚಿ ಮಶೀನಿಗೆ ಹಿಡಿಸಲಿಲ್ಲ” ಎಂದು ನಗಿಸುತ್ತಿದ್ದ. ಹೊರಗೆ ನಗಿಸುವ ಕೈಯೇ ಮನೆಯೊಳಗೆ ಕಪಾಳಕ್ಕೆ ಬೀಳುವ ಕೈ. ಹೆಂಡತಿಗೆ ಬಿದ್ದಿತ್ತು. ಮಗ ಎತ್ತರದಲ್ಲಿ ಅಪ್ಪನನ್ನು ಮೀರುವ ತನಕ ಅವನಿಗೂ ಬಿದ್ದಿತ್ತು. ಈಗ ಮಗಳ ಸರದಿ ನಡೆದಿತ್ತು.

ಮಗಳಿಗೆ ಹದಿನೇಳು, ಕಾಲೇಜಿಗೆ ಹೋಗುವವಳು. ಮನೆಯಲ್ಲಿ ಅವಳು ಸಣ್ಣಿ. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ ಅವಳ ಅಣ್ಣ ದೊಡ್ಡೋನು. ಒಂದು ಭಾನುವಾರ ಅಪ್ಪ ಹಜಾರದಿಂದ ನೀರು ಕೇಳಿದ. ಸಣ್ಣಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬಟ್ಟೆ ಮಡಚುತ್ತಿದ್ದಳು. ಅವನು ಇನ್ನೊಂದು ಸಲ ಕೂಗಿದ. ಆಮೇಲೆ ಕೂಗಲಿಲ್ಲ, ಎದ್ದು ಬಂದ.

“ಕಿವಿ ಕೇಳಲ್ವಾ ನಿಂಗೆ?”

ಏಟು ಎಡಗೆನ್ನೆಗೆ, ಕಿವಿಯನ್ನೂ ಸೇರಿಸಿ ಬಿತ್ತು. ಇಯರ್‌ಫೋನ್ ಹಾರಿ ಗೋಡೆಗೆ ಬಡಿಯಿತು. ಸಣ್ಣಿ ಮಡಚಿಟ್ಟ ಬಟ್ಟೆಗಳ ಮೇಲೆ ಮಗುಚಿಕೊಂಡಳು.

ಬಾಗಿಲ ಬಳಿ ಅಪ್ಪನ ತಾಯಿ ತರಕಾರಿ ಹೆಚ್ಚುತ್ತಾ ಕೂತಿದ್ದಳು. ಅಜ್ಜಿಗೆ ಎಡಗಿವಿ ಪೂರ್ತಿ ಕೇಳಿಸದು. ಯಾರಾದರೂ ಕೇಳಿದರೆ ವಯಸ್ಸಾಯ್ತಲ್ಲ ಎನ್ನುವಳು. ಅವಳ ಹತ್ತಿರ ಮಾತಾಡಬೇಕಿದ್ದರೆ ಬಲಕ್ಕೆ ಬಂದು ನಿಲ್ಲಬೇಕು, ಎಡಕ್ಕೆ ನಿಂತವರಿಗೆ ಗೋಡೆಗೆ ಸಿಕ್ಕಷ್ಟೇ ಮರ್ಯಾದೆ.

“ಏನೋ ಅದು ಸದ್ದು?” ಎಂದಳು.

“ಏನಿಲ್ಲಮ್ಮಾ, ನೀರು ಕೇಳಿದೆ.”

“ಕೊಟ್ಲಾ?”

“ಕೊಡ್ತಾಳೆ ಈಗ.”

ಸಣ್ಣಿ ಎದ್ದು ನೀರು ಕೊಟ್ಟಳು. ಅಜ್ಜಿ ಬದನೆಕಾಯಿಯ ತೊಟ್ಟು ಕತ್ತರಿಸುತ್ತಾ, “ಮೊದಲೇ ಕೊಟ್ಟಿದ್ರೆ ಇಷ್ಟೆಲ್ಲಾ ಇರ್ತಿರಲಿಲ್ಲ. ಗಂಡಸರ ಕೈ ತಡೆಯೋದು ಹೆಣ್ಣುಮಕ್ಕಳ ಜಾಣತನದಲ್ಲಿರುತ್ತೆ” ಎಂದು ಬುದ್ಧಿ ಹೇಳಿದಳು.

ಅಮ್ಮನ ಕೆಲಸ ಮೇಕಪ್ಪು. ಜಾಹೀರಾತು, ನಾಟಕ, ಸಣ್ಣಪುಟ್ಟ ಚಿತ್ರೀಕರಣ ಎಲ್ಲಿ ಕರೆದರೂ ಹೋಗುತ್ತಿದ್ದಳು. ಮುಖ ಚೆಂದ ಮಾಡುವವರು ಊರ ತುಂಬಾ ಇದ್ದರು. ಇವಳ ಹೆಸರು ಗಾಯಕ್ಕೆ. ಸುಟ್ಟ ಗಾಯ, ಚಾಕು ಗಾಯ, ಒಣಗಿದ ರಕ್ತ ಯಾವುದು ಬೇಕಾದರೂ ಕೂತಲ್ಲೇ ಮಾಡಿಕೊಡುವಳು. ಹಾಗಾಗಿ ಎಲ್ಲರ ಬಾಯಲ್ಲಿ ಅವಳು ಗಾಯದಕ್ಕ. ಮರುದಿನ ಬೆಳಿಗ್ಗೆ ಅದೇ ಗಾಯದಕ್ಕ ಅಡುಗೆಮನೆಯ ಬೆಳಕಿಗೆ ಮಗಳ ಮುಖ ತಿರುಗಿಸಿ ಉಲ್ಟಾ ಕೆಲಸ ಮಾಡುತ್ತಿದ್ದಳು. ಇದ್ದ ಗಾಯವನ್ನು ಇಲ್ಲದಂತೆ ಮಾಡುವ ಕೆಲಸ.

“ಅಲ್ಲಾಡಬೇಡ.”

“ಉರಿಯುತ್ತೆ ಅಮ್ಮಾ.”

“ಕೆಂಪಿನ ಮೇಲೆ ಮೊದಲು ಹಸಿರು ಕೂರಬೇಕು. ಇಲ್ಲಾಂದ್ರೆ ಬಿಸಿಲಿಗೆ ಹೋದ ತಕ್ಷಣ ಕಾಣುತ್ತೆ.” ಅಮ್ಮ ತೋರುಬೆರಳು, ನಡುಬೆರಳು, ಮೋಟು ಬೆರಳು, ಕಿರುಬೆರಳು ಎಂದು ಒಂದೊಂದೇ ಬಾಸುಂಡೆಯ ಮೇಲೆ ಸ್ಪಂಜು ಒತ್ತುತ್ತಾ ಹೋದಳು. ಎಷ್ಟು ಸಲ ಮಾಡಿದ್ದಳೋ, ಕಣ್ಣು ಮುಚ್ಚಿಕೊಂಡೂ ಮಾಡುವಳು.

“ಕಿವೀಲಿ ಗುಂಯ್ ಅಂತಿದೆ. ನಿನ್ನೆಯಿಂದ ನಿಂತೇ ಇಲ್ಲ.”

“ನಿಲ್ಲುತ್ತೆ. ಯಾರಾದ್ರೂ ಕೇಳಿದ್ರೆ ಶೀತ ಅನ್ನು.”

ಗುಂಯ್ ಅನ್ನುವುದು ನಿಲ್ಲಲಿಲ್ಲ. ಅಪ್ಪ ಕರೆದರೆ ಸಣ್ಣಿಗೆ ಒಮ್ಮೊಮ್ಮೆ ಕೇಳುತ್ತಿರಲಿಲ್ಲ. ಕೇಳದಿದ್ದರೆ ಸೊಕ್ಕು ಎಂದು ಏಟು. ಏಟು ಬಿದ್ದ ಮೇಲೆ ಇನ್ನೂ ಕಡಿಮೆ ಕೇಳುತ್ತಿತ್ತು.

ಅದೇ ದಿನಗಳಲ್ಲಿ ಜಾಹೀರಾತು ಕಂಪನಿಯ ಮೇಡಂ ಗಾಯದಕ್ಕನನ್ನು ಕರೆಸಿದಳು. ಮನೆಯಲ್ಲಿ ಏಟು ತಿನ್ನುವ ಹುಡುಗ ಹುಡುಗಿಯರಿಗಾಗಿ ಒಂದು ದೊಡ್ಡ ಅಭಿಯಾನ. ಬಸ್ ನಿಲ್ದಾಣ, ಕಾಲೇಜು ಗೇಟು, ಆಸ್ಪತ್ರೆ ಗೋಡೆ ಎಲ್ಲಾ ಕಡೆ ಪೋಸ್ಟರು, ಕೆಳಗೆ ಸಹಾಯಕ್ಕೊಂದು ಫೋನ್ ನಂಬರು. ಮೇಡಂ ಒಳ್ಳೆಯ ಹೆಂಗಸೇ. ಮಾತಾಡುವಾಗ ಎದುರಿನವರ ಕೈ ಹಿಡಿದುಕೊಂಡು ಮಾತಾಡುವಳು.

“ಕಳೆದ ಸಲ ನೀವು ಮಾಡಿದ ಕಪಾಳದೇಟು ರಬ್ಬರ್ ಸ್ಟಾಂಪ್ ಒತ್ತಿದ ಹಾಗಿತ್ತು ಗಾಯದಕ್ಕಾ. ಈ ಸಲ ನೋಡಿದೋರ ಕೆನ್ನೆ ಉರೀಬೇಕು.”

ಮಾಡೆಲ್ ಹುಡುಗಿ ಸಣ್ಣಿಯ ವಯಸ್ಸಿನವಳು. ಬಿಸ್ಕತ್ತು ತಿನ್ನುತ್ತಾ ಕುರ್ಚಿಯಲ್ಲಿ ಕಾಲಾಡಿಸುತ್ತಿದ್ದಳು. ಆ ಕೆನ್ನೆಗೆ ಮುತ್ತು ಬಿಟ್ಟರೆ ಬೇರೇನೂ ಬಿದ್ದ ಹಾಗಿರಲಿಲ್ಲ.

“ಹೊಡೆದ್ರೆ ಎಷ್ಟು ದಿನ ಇರುತ್ತೆ ಆಂಟಿ ಇದು?”

“ಮೊದಲು ಕೆಂಪು. ಆಮೇಲೆ ನೇರಳೆ, ಹಸಿರು. ಹಳದಿ ಬಂತು ಅಂದ್ರೆ ಹೋಯ್ತು ಅಂತ ಲೆಕ್ಕ.”

“ನಿಮಗೆ ಹೇಗೆ ಗೊತ್ತು?”

“ಕೆಲಸ ಅಲ್ವಾ. ಬಾಯಿ ಮುಚ್ಚು, ಕೆನ್ನೆ ಕದಲುತ್ತೆ.”

ಗಾಯದಕ್ಕ ಕೆಂಪು ಕಲಸಿ ಬ್ರಷ್ ಹಿಡಿದಳು. ಮೇಡಂ ಹಿಂದೆ ನಿಂತು ಹೊಸ ಮಿಕ್ಸಿಯ ಬಗ್ಗೆಯೋ ಏನೋ ಮಾತಾಡುತ್ತಿದ್ದಳು. ಇವಳು ಹೂಂಗುಟ್ಟುತ್ತಾ ಬೆರಳ ಗುರುತು ಬರೆದಳು, ಅಂಚಿಗೆ ನೇರಳೆ ಎಳೆದಳು, ಕಿವಿಯ ತುದಿ ಕೆಂಪಾಗಿಸಿದಳು. ಮುಗಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಹುಡುಗಿಯ ಕೆನ್ನೆಯ ಮೇಲೆ ಗಂಡನ ಕೈ ಕೂತಿತ್ತು. ಉಂಗುರದ ಬೆರಳು ಅರ್ಧಕ್ಕೇ ನಿಂತಿತ್ತು.

“ಈ ಬೆರಳು ಯಾಕೆ ಗಿಡ್ಡ?” ಮೇಡಂ ಬಗ್ಗಿ ನೋಡಿದಳು.

“ಬೆರಳು ಮಡಚಿ ಬಿದ್ರೆ ಹಾಗೇ ಕಾಣುತ್ತೆ ಮೇಡಂ. ಇರಿ, ಉದ್ದ ಮಾಡ್ತೀನಿ.”

“ಬೇಡ ಬೇಡ, ಮುಟ್ಟಬೇಡಿ” ಎಂದ ಫೋಟೋದವನು. “ಅದ್ರಿಂದಲೇ ನಿಜ ಅನ್ನಿಸ್ತಿದೆ.”

ಫೋಟೋದವನು ಅವಸರ ಮಾಡಿದ, ತಿದ್ದಲು ಸಮಯವೇ ಇರಲಿಲ್ಲ ಎಂದು ಅವಳು ಆಮೇಲೆ ಹೇಳುತ್ತಿದ್ದಳು. ಅದು ಸುಳ್ಳು. ಒಂದು ದೀಪ ಕೆಟ್ಟು ಎಲ್ಲರೂ ಚಹಾಕ್ಕೆ ಹೋದರು. ಒದ್ದೆ ಸ್ಪಂಜು ಅವಳ ಕೈಯಲ್ಲೇ ಇತ್ತು, ಹುಡುಗಿ ಮುಂದೆಯೇ ಕೂತಿದ್ದಳು. ಗಾಯದಕ್ಕ ಸ್ಪಂಜು ಹಿಂಡಿ ಡಬ್ಬಿಗೆ ಹಾಕಿ ತಾನೂ ಚಹಾ ಕುಡಿದಳು.

ಒಂದೆರಡು ವಾರದ ಮೇಲೆ ಅಪ್ಪ ಎಂದಿನಂತೆ ಕಂಕುಳಲ್ಲಿ ಸುರುಳಿ ಹಿಡಿದು ಬಂದ. ಅಷ್ಟೂ ಪೋಸ್ಟರುಗಳನ್ನು ಕತ್ತರಿಸಿದವನು ಅವನೇ. ಆದರೆ ಕಟಿಂಗ್ ಮಶೀನಿನವನ ಕಣ್ಣಿಗೆ ಚಿತ್ರ ಕಾಣುವುದಿಲ್ಲ, ಅಂಚಿನ ಗೆರೆ ಮಾತ್ರ ಕಾಣುತ್ತದೆ. ಅಜ್ಜಿ ಸುರುಳಿಯಿಂದ ಒಂದು ಹಾಳೆ ಎಳೆದು ನೆಲಕ್ಕೆ ಹಾಸಿ ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟಳು. ಅನ್ನದ ತಪ್ಪಲೆ ಬಂತು, ಬೇಳೆಯ ಪಾತ್ರೆ ಬಂತು. ಎಲ್ಲರೂ ಕೂತರು. ಕಾಗದದ ನಡುವೆ ಆ ಹುಡುಗಿಯ ಮುಖ ತಟ್ಟೆಗಳಿಗಿಂತ ದೊಡ್ಡದಾಗಿ ಮಲಗಿತ್ತು.

“ಎಷ್ಟು ಲಕ್ಷಣವಾಗಿದೆ ಮಗು, ಪಾಪ, ಯಾರೋ ಬಾರಿಸಿದ್ದಾರೆ” ಎಂದಳು ಅಜ್ಜಿ. “ಏನು ಬರೆದಿದೆ ಓದೇ ಸಣ್ಣಿ.”

ಅಮ್ಮ ಅನ್ನ ಬಡಿಸುವ ಕೈಯನ್ನು ತಪ್ಪಲೆಯಲ್ಲೇ ಬಿಟ್ಟಳು. ಅಭಿಯಾನದ ಮಾತೇನೆಂದು ಅವಳಿಗೂ ಗೊತ್ತಿರಲಿಲ್ಲ.

ಸಣ್ಣಿ ಓದಿದಳು. “ಈ ಕೈ ಯಾರದು? ಹೇಳು.”

ಅಜ್ಜಿ ಕನ್ನಡಕ ಮೂಗಿನ ಮೇಲೆ ಸರಿಸಿ ಬಗ್ಗಿದಳು. ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ.

“ಯಾರದು ಅಂದ್ರೆ? ಇವನದೇ ಅಲ್ವಾ?” ಎಂದು ಸೌಟಿನಿಂದ ಮಗನನ್ನು ತೋರಿಸಿದಳು. “ನೋಡು, ಮೋಟು ಬೆರಳು. ನಿಂಗೆ ಈ ಹುಡುಗಿ ಎಲ್ಲಿ ಸಿಕ್ಕಿದ್ಲೋ?”

ದೊಡ್ಡೋನು ಫಕ್ಕನೆ ನಕ್ಕುಬಿಟ್ಟ. ಆ ನಗುವೊಂದು ಇಲ್ಲದಿದ್ದರೆ ಏನಾಗುತ್ತಿತ್ತೋ. ಅಪ್ಪ ಕಾಗದದ ಮೇಲಿಟ್ಟಿದ್ದ ತನ್ನ ಬಲಗೈಯನ್ನು ಹಿಂದಕ್ಕೆ ತೆಗೆದುಕೊಂಡ. ಆ ಕೆನ್ನೆ ನೋಡಿದ, ಕೈ ನೋಡಿಕೊಂಡ, ಹೆಂಡತಿಯ ಕಡೆ ತಿರುಗಿದ.

“ನೀನಾ ಮಾಡಿದ್ದು?”

“ಹೂಂ.”

“ಇದು ಎಲ್ಲೆಲ್ಲಿ ಹೋಗಿದೆ ಗೊತ್ತಾ? ಇಡೀ ಊರಿಗೆ ಹೋಗಿದೆ. ನಾನೇ ಕತ್ತರಿಸಿ ಕಳಿಸಿದ್ದೀನಿ. ನನ್ನ ಕೈಯಿಂದಲೇ ನನ್ನ ಮಾನ ಕತ್ತರಿಸೋ ಹಾಗೆ ಮಾಡಿದ್ಯಲ್ಲೇ!”

“ಬೇಕು ಅಂತ ಮಾಡಲಿಲ್ಲ ರೀ. ಕೈಗೆ ಅದೇ ಅಭ್ಯಾಸ.”

ಅವನು ಬೇಳೆಯ ಪಾತ್ರೆಯನ್ನು ಕಾಲಿನಿಂದ ಒದ್ದ. ಸುಡುವ ಬೇಳೆ ಅಮ್ಮನ ತೊಡೆಯ ಮೇಲೆ ಚೆಲ್ಲಿತು. ಅವಳು ಕಿರುಚಿ ಏಳುವಷ್ಟರಲ್ಲಿ ಜಡೆ ಹಿಡಿದು ಗೋಡೆಗೆ ತಲೆ ಚಚ್ಚಿದ. ದೊಡ್ಡೋನು ಹಿಂದಿನಿಂದ ಬಂದು ಅಪ್ಪನನ್ನು ಅವುಚಿಕೊಂಡು ಎಳೆದ. ಅಪ್ಪ, ಮಗ ಇಬ್ಬರೂ ಅನ್ನದ ಮೇಲೆ ಉರುಳಿದರು. ಅಪ್ಪನ ಕೈಗೆ ಸಿಕ್ಕ ಸ್ಟೀಲ್ ಲೋಟ ಮಗನ ಬಾಯಿಗೆ ಬಡಿಯಿತು, ಇನ್ನೊಂದು ಸಲ ಬಡಿಯಿತು. ಮುಂದಿನ ಹಲ್ಲೊಂದು ಮುರಿದು ನೆಲಕ್ಕೆ ಬಿತ್ತು. ದೊಡ್ಡೋನು ಬಾಯ ತುಂಬಾ ರಕ್ತ ಇಟ್ಟುಕೊಂಡೇ ಅಪ್ಪನ ಕತ್ತು ಹಿಸುಕಿದ.

“ಬಿಡೋ, ಸತ್ತುಹೋಗ್ತಾನೆ! ಬಿಡೋ ಅಣ್ಣಾ!” ಸಣ್ಣಿ ಅಣ್ಣನ ಕೈ ಬಿಡಿಸಿದಳು. ಅಪ್ಪನನ್ನು ಉಳಿಸಲು ಬಂದವಳು ಅವಳೇ. ಕತ್ತು ಸಡಿಲವಾದ ಅಪ್ಪ ಎದ್ದು, ಎದುರಿಗೆ ಸಿಕ್ಕ ಕೆನ್ನೆಗೆ ಮೈಯ ಭಾರವೆಲ್ಲಾ ಹಾಕಿ ಬಾರಿಸಿದ.

ಸಣ್ಣಿ ಎಡಗಿವಿಗೆ ಕೈ ಒತ್ತಿ ಮಂಡಿಯೂರಿ ಕೂತಳು. ಬೆರಳ ಸಂದಿಯಿಂದ ರಕ್ತ ಇಳಿದು ಕಾಗದದ ಹುಡುಗಿಯ ಹಣೆಯ ಮೇಲೆ ತೊಟ್ಟಿಕ್ಕಿತು.

“ಸಾಕು ಕಣೋ” ಎಂದಳು ಅಜ್ಜಿ. ಅಷ್ಟು ವರ್ಷದಲ್ಲಿ ಅವಳು ಆ ಮಾತು ಆಡಿದ್ದು ಅದೇ ಮೊದಲು.

ಆ ಸಂಜೆಯೇ ದೊಡ್ಡೋನು ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡು ಗ್ಯಾರೇಜಿನ ಮೇಲಿನ ಕೋಣೆಗೆ ಹೊರಟ. “ನಾನಿದ್ರೆ ಇಲ್ಲಿ ಒಂದು ಹೆಣ ಬೀಳುತ್ತೆ ಅಮ್ಮಾ” ಎಂದ. ಮುರಿದ ಹಲ್ಲಿನ ಸಂದಿಯಲ್ಲಿ ಮಾತು ಸಿಳ್ಳೆ ಹೊಡೆಯಿತು.

ಮರುದಿನ ಅಮ್ಮ ಮಗಳನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಕಿವಿಯೊಳಕ್ಕೆ ದೀಪ ಹಿಡಿದು ನೋಡಿದರು.

“ಏನಾಯ್ತು?”

“ಮೆಟ್ಟಿಲ ಮೇಲೆ ಬಿದ್ಲು.”

“ಮೆಟ್ಟಿಲಿಗೆ ಬೆರಳಿರುತ್ತೇನಮ್ಮಾ?” ಡಾಕ್ಟರು ದೀಪ ಆರಿಸಿದರು. “ಒಳಗೆ ಪೊರೆ ಹರಿದಿದೆ. ಚಿಕ್ಕ ವಯಸ್ಸು, ಕೆಲವು ವಾರದಲ್ಲಿ ತಾನಾಗೇ ಕೂಡಿಕೊಳ್ಳಬಹುದು. ನೀರು ಸೋಕಬಾರದು. ಏಟಂತೂ ಬೀಳಲೇಬಾರದು. ಇನ್ನೊಂದು ಬಿದ್ರೆ ಈ ಕಿವಿ ಹೋದ ಹಾಗೇ, ನನ್ನ ಹತ್ರ ಬರೋದೂ ಬೇಡ.”

ಅಮ್ಮ ಮನೆಗೆ ಬಂದು ಅದನ್ನೇ ಗಂಡನಿಗೆ ಹೇಳಿದಳು.

“ಕರೆದ್ರೆ ಓ ಅಂದ್ರೆ ಏಟು ಯಾಕೆ ಬೀಳುತ್ತೆ?” ಎಂದ ಅವನು.

“ಅವಳಿಗೆ ಕೇಳಲ್ಲ ರೀ.”

“ಕೇಳೋ ಹಾಗೆ ಮಾಡ್ತೀನಿ.”

ಅಂದಿನಿಂದ ಆ ಮನೆಯಲ್ಲಿ ಒಂದೇ ಕೆಲಸ, ಸಣ್ಣಿಯ ಕಿವಿ ಕಾಯುವುದು. ಅಪ್ಪ ಮನೆಯಲ್ಲಿದ್ದರೆ ಅವಳು ಎಡಗಡೆಯನ್ನು ಗೋಡೆಗೆ ಕೊಟ್ಟು ಕೂರುವಳು. ಅಪ್ಪ ಬಾಯಿ ತೆರೆದರೆ ಅಮ್ಮ ಒಲೆ ಬಿಟ್ಟು ಓಡಿ ಬರುವಳು. ಅಜ್ಜಿ ತನ್ನದೇ ಒಂದು ಪರೀಕ್ಷೆ ಹುಡುಕಿಕೊಂಡಳು. ದಿನಾ ಬೆಳಿಗ್ಗೆ ಮೊಮ್ಮಗಳ ಬಲಗಿವಿಯನ್ನು ಅಂಗೈಯಿಂದ ಮುಚ್ಚಿ, ಎಡಗಿವಿಯ ಹತ್ತಿರ “ಕತ್ತೆ” ಎಂದು ಪಿಸುಗುಟ್ಟುವಳು.

“ಏನಾದ್ರೂ ಕೇಳಿಸ್ತಾ?”

“ಬಿಸಿ ಗಾಳಿ ಬಂತು ಅಜ್ಜಿ, ಅಷ್ಟೇ.”

ಅಷ್ಟರಲ್ಲಿ ಪೋಸ್ಟರು ಊರ ತುಂಬಾ ಹತ್ತಿತ್ತು. ಬಸ್ಸಿನ ಬೆನ್ನ ಮೇಲೂ ಇತ್ತು. ಪ್ರೆಸ್ಸಿನ ಎದುರಿನ ಚಹಾ ಅಂಗಡಿಯ ಗೋಡೆಗೂ ಒಂದು ಅಂಟಿಸಿದ್ದರು. ಬೈಂಡಿಂಗಿನವನೊಬ್ಬ ತಮಾಷೆಗೆ ಅಪ್ಪನ ಬಲಗೈ ಹಿಡಿದೆಳೆದು ಆ ಕೆನ್ನೆಯ ಮೇಲೆ ಇಡಿಸಿದ. “ಅಳತೆ ಕೂತ್ಬಿಡ್ತಲ್ಲೋ ಮೂರೂವರೆ!” ಎಲ್ಲರೂ ಗೊಳ್ಳೆಂದರು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಯಾರೋ ಲೋಟ ಕೆಳಗಿಟ್ಟು ಎದ್ದು ಹೋದರು. ಅಪ್ಪ ಬೈಂಡಿಂಗಿನವನ ಮೂಗಿಗೆ ಗುದ್ದಿದ, ಬೆಂಚು ಎತ್ತಿ ಹಾಕಿದ. ಫೋರ್‌ಮನ್ ಬಂದು, “ಇವತ್ತು ಮನೆಗೆ ಹೋಗು. ನಾಳೆ ಮನುಷ್ಯನಾಗಿ ಬಾ” ಎಂದು ಕಳಿಸಿದ.

ದಾರಿಯುದ್ದಕ್ಕೂ ಕಂಡ ಕಂಡ ಪೋಸ್ಟರನ್ನು ಉಗುರು ಕಿತ್ತುಹೋಗುವ ಹಾಗೆ ಕೆರೆದು ಹರಿಯುತ್ತಾ ಬಂದ. ಅಂಟು ಗಟ್ಟಿಯಾಗಿತ್ತು. ಮುಖ ಹರಿದು ಹೋದರೂ ಕೆನ್ನೆ ಗೋಡೆಯಲ್ಲೇ ಉಳಿಯುತ್ತಿತ್ತು. ಮನೆಗೆ ಬಂದವನೇ ಹೆಂಡತಿಯ ಮೇಕಪ್ಪಿನ ಪೆಟ್ಟಿಗೆ ಅಂಗಳಕ್ಕೆಸೆದು ಬೂಟುಗಾಲಿನಲ್ಲಿ ತುಳಿದ. ಬಣ್ಣದ ಬಿಲ್ಲೆಗಳು ಪುಡಿಯಾದವು. ಅವಳು ಬಗ್ಗಿ ಆಯಲು ಹೋದಾಗ ಪೆಟ್ಟಿಗೆಯ ಮುಚ್ಚಳದಿಂದ ಬೆನ್ನಿಗೆ ಬಡಿದ.

“ಇನ್ನು ಬಣ್ಣ ಮುಟ್ಟು, ಎರಡೂ ಕೈ ಮುರಿದು ಮೂಲೇಲಿ ಕೂರಿಸ್ತೀನಿ. ಏ ಸಣ್ಣೀ, ನೀರು ತಾರೇ!”

ಸಣ್ಣಿ ಗೋಡೆಗೆ ಒರಗಿ ಕೂತಿದ್ದಳು. ಕದಲಲಿಲ್ಲ.

ಅಪ್ಪ ಅಂಗಳದಿಂದ ಹಜಾರಕ್ಕೆ ನುಗ್ಗಿದ. ಅಮ್ಮ ಓಡಿ ನಡುವೆ ಬಿದ್ದಳು. ಮಗಳಿಗೆ ಬೀಳಬೇಕಿದ್ದ ಏಟು ಅವಳ ಹುಬ್ಬಿಗೆ ಬಿದ್ದು ಚರ್ಮ ಒಡೆಯಿತು. ಈ ಸಲ ನಡುವೆ ಬೀಳಲು ಆಯಿತು. ತಾನು ಕೆಲಸಕ್ಕೆ ಹೋದಾಗ, ಬಚ್ಚಲಲ್ಲಿದ್ದಾಗ ಯಾರು ಬೀಳುತ್ತಾರೆ? ಅವಳು ಹುಬ್ಬು ಒತ್ತಿ ಹಿಡಿದು ಅಂಗಳಕ್ಕೆ ಹೋಗಿ, ಚಮಚದಿಂದ ಬಣ್ಣದ ಪುಡಿಯನ್ನೆಲ್ಲಾ ಕೆರೆದು, ಬಣ್ಣಕ್ಕೊಂದು ಪೊಟ್ಟಣ ಕಟ್ಟಿ ಹಳೆಯ ಡಬ್ಬಿಯೊಂದಕ್ಕೆ ತುಂಬಿದಳು.

ಮರುದಿನ ಮಧ್ಯಾಹ್ನ ಅಪ್ಪ ಇಲ್ಲದ ಹೊತ್ತು ನೋಡಿ ದೊಡ್ಡೋನು ಅಡುಗೆಮನೆಯ ಬಾಗಿಲಿಗೆ ಬಂದ.

“ಪೋಸ್ಟರಲ್ಲಿರೋ ನಂಬರಿಗೆ ಫೋನ್ ಮಾಡಿದೆ ಅಮ್ಮಾ.”

“ಏನಂದ್ರು?”

“ಯಾರೂ ಏನೂ ಅನ್ನಲಿಲ್ಲ. ರೆಕಾರ್ಡಿಂಗು. ‘ನಮ್ಮ ಅಭಿಯಾನ ಮುಕ್ತಾಯಗೊಂಡಿದೆ, ನಿಮ್ಮ ಪ್ರತಿಕ್ರಿಯೆಗೆ ಧನ್ಯವಾದ’ ಅಂತೆ. ಆಮೇಲೆ ಸಂಗೀತ.”

ಅಮ್ಮ ನಂಬಲಿಲ್ಲ. ಮೇಡಂಗೆ ಫೋನ್ ಮಾಡಿದಳು. ಮೇಡಂ ಹಲೋ ಅನ್ನುವ ಮೊದಲೇ ಸಂಭ್ರಮ ಪಟ್ಟಳು.

“ನಾನೇ ಮಾಡಬೇಕು ಅಂತಿದ್ದೆ ಗಾಯದಕ್ಕಾ! ನಮ್ಮ ಪೋಸ್ಟರಿಗೆ ಬಹುಮಾನ ಬಂದಿದೆ. ಆ ಬೆರಳು! ಎಲ್ಲರೂ ಆ ಗಿಡ್ಡ ಬೆರಳಿನ ಬಗ್ಗೆನೇ ಮಾತಾಡ್ತಿದ್ದಾರೆ.”

“ಸಂತೋಷ ಮೇಡಂ. ಆ ನಂಬರಿಗೆ ಮಾಡಿದ್ರೆ ಯಾರೂ ಎತ್ತಲ್ಲಂತೆ?”

“ಅದು ಬಜೆಟ್ ಇದ್ದಷ್ಟು ದಿನ ನಡೀತು. ಯಾಕೆ, ಯಾರಿಗಾದ್ರೂ ಬೇಕಿತ್ತಾ?”

ಅಮ್ಮ ಬಾಗಿಲಲ್ಲಿ ನಿಂತ ಮಗನ ಮುರಿದ ಹಲ್ಲು ನೋಡಿದಳು. “ಬೇಕಿತ್ತು. ಪರವಾಗಿಲ್ಲ ಬಿಡಿ” ಎಂದು ಫೋನ್ ಇಟ್ಟಳು.

ಮಾರನೆಯ ಬೆಳಿಗ್ಗೆ ಗಂಡ ಕೆಲಸಕ್ಕೆ ಹೋದ ಮೇಲೆ ಅವಳು ಕಿಟಕಿಗೆ ಕನ್ನಡಿ ಒರಗಿಸಿ ಬಣ್ಣದ ಡಬ್ಬಿ ತೆರೆದಳು. ಎಣ್ಣೆ ಹಾಕಿ ಕೆಂಪು ಕಲಸಿ, ತನ್ನ ಕೆನ್ನೆಯ ಮೇಲೆ ಆ ಕೈಯನ್ನು ಬರೆದುಕೊಂಡಳು. ಉಂಗುರದ ಬೆರಳು ಅರ್ಧಕ್ಕೆ ನಿಲ್ಲಿಸಿದಳು. ಈ ಸಲ ಅಭ್ಯಾಸಬಲದಿಂದಲ್ಲ. ಅಜ್ಜಿ ಮಜ್ಜಿಗೆ ಕಡೆಯುವುದು ಬಿಟ್ಟು ನೋಡಿದಳು.

“ಏನೇ ಅದು? ಬೆಳಿಗ್ಗೆ ಬೆಳಿಗ್ಗೆನೇ ಹೊಡೆದ್ನಾ?”

“ಇಲ್ಲ ಅತ್ತೆ. ನಾನೇ ಬರ್ಕೊಂಡೆ.”

“ತಲೆ ಕೆಟ್ಟಿದ್ಯಾ? ಇದ್ದಿದ್ದನ್ನ ಮುಚ್ಚೋಳು ನೀನು, ಇಲ್ಲದ್ದನ್ನ ಯಾಕೆ ಬರೀತೀಯಾ?”

“ಮುಚ್ಚಿದ್ದಕ್ಕೇ ಅತ್ತೆ ಇಲ್ಲೀವರೆಗೂ ಬಂತು.”

ಅವಳು ಊಟದ ಡಬ್ಬಿ ಕಟ್ಟಿಕೊಂಡು ಪ್ರೆಸ್ಸಿಗೆ ಹೋದಳು. ಮದುವೆಯಾಗಿ ಬಂದ ಮೇಲೆ ಒಂದು ದಿನವೂ ಅಲ್ಲಿಗೆ ಹೋದವಳಲ್ಲ. ಬೈಂಡಿಂಗ್ ಮೇಜುಗಳ ನಡುವೆ ನಿಧಾನವಾಗಿ ನಡೆದು, ಮಶೀನಿನ ಹತ್ತಿರ ಡಬ್ಬಿ ಇಟ್ಟು, “ಊಟ ಮರೆತು ಬಂದಿದ್ರಿ” ಎಂದಳು. ಅವನು ಕತ್ತರಿಸುತ್ತಿದ್ದ ಹಾಳೆಯ ಅಂಚು ಓರೆಯಾಯಿತು. ಮೂಗಿಗೆ ಪಟ್ಟಿ ಕಟ್ಟಿಕೊಂಡಿದ್ದ ಬೈಂಡಿಂಗಿನವನು ಎದ್ದು ಅವಳಿಗೆ ದಾರಿ ಬಿಟ್ಟ.

ಸಂಜೆ ಅಪ್ಪ ಬಂದು ಅವಳ ಇನ್ನೊಂದು ಕೆನ್ನೆಗೆ ನಿಜವಾಗಿಯೇ ಬಾರಿಸಿದ. ಎರಡು ಸಲ, ತುಟಿ ಒಡೆಯುವಂತೆ. ಮರುದಿನ ಅವಳು ಎರಡು ಕೆನ್ನೆ ಹೊತ್ತು ಹೋದಳು. ಯಾವುದು ಬಣ್ಣ, ಯಾವುದು ಬಾಸುಂಡೆ ಎಂದು ನೋಡಿದವರಿಗೆ ತಿಳಿಯಲಿಲ್ಲ. ಆಮೇಲೆ ಅವನು ಅವಳನ್ನು ಮುಟ್ಟಲಿಲ್ಲ. ಕೆಂಪು ನೇರಳೆಯಾಯಿತು, ನೇರಳೆ ಹಸಿರಾಯಿತು, ಹಸಿರ ಅಂಚಿಗೆ ಹಳದಿ ಬಂತು. ಅವನು ಸದ್ಯ ಮುಗಿಯಿತು ಎಂದು ಉಸಿರು ಬಿಟ್ಟ. ಮರುದಿನ ಹೊಚ್ಚ ಹೊಸ ಕೆಂಪು. ಅಂಗಡಿಯವನು ಅವನಿಗೆ ಚಿಲ್ಲರೆಯನ್ನು ಕೈಗೆ ಕೊಡದೆ ಮೇಜಿನ ಮೇಲಿಡತೊಡಗಿದ. ಚಹಾ ಅಂಗಡಿಯಲ್ಲಿ ಅವನು ಕೂತ ಬೆಂಚು ಖಾಲಿಯಾಗುತ್ತಿತ್ತು.

“ಈ ವಾರ ನಿನ್ನ ಮೈ ಮುಟ್ಟಿದ್ದೀನೇನೇ?” ಒಂದು ಸಂಜೆ ಊಟದ ಮುಂದೆ ಕೂತು ಚೀರಿದ.

“ಇಲ್ಲ ರೀ.”

“ಮತ್ತೆ? ಜನ ದಿನಾ ಹೊಡೀತಾನೆ ಅಂತಾರೆ!”

“ದಿನಾ ಹೊಡೀವಾಗ ಯಾರೂ ಅಂದಿರಲಿಲ್ಲ. ಅನ್ನ ಹಾಕಲಾ?”

“ಅಳಿಸು ಅದನ್ನ.”

“ಸಣ್ಣಿ ಕಿವಿ ವಾಸಿಯಾಗಲಿ, ಅಳಿಸ್ತೀನಿ. ಬೇಕಾದ್ರೆ ಹೊಡೀರಿ. ಇನ್ನೊಂದು ಬರೀಬೇಕಾಗುತ್ತೆ, ಅಷ್ಟೇ.”

ಅವನು ತಟ್ಟೆ ಎತ್ತಿ ಗೋಡೆಗೆಸೆದ. ಸಣ್ಣಿಯ ತಲೆಯ ಪಕ್ಕದಲ್ಲಿ ಅದು ಬಡಿಯಿತು. ಕೈ ಮಾತ್ರ ಮೇಲೇಳಲಿಲ್ಲ. ಅಜ್ಜಿ ಅನ್ನದ ಅಗುಳು ಆಯ್ದಳು. ಈಚೆಗೆ ಅವಳು ದಿನಾ ಬೆಳಿಗ್ಗೆ ಸೊಸೆ ಕನ್ನಡಿಯ ಮುಂದೆ ಕೂತಾಗ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಬ್ರಷ್ಷನ್ನೇ ನೋಡುತ್ತಾ ಕೂರುತ್ತಿದ್ದಳು. ಬುದ್ಧಿ ಹೇಳುವುದನ್ನು ಬಿಟ್ಟಿದ್ದಳು.

ಒಂದು ರಜಾದಿನ ಬೆಳಿಗ್ಗೆ ಅಜ್ಜಿ ಎಂದಿನಂತೆ ಮೊಮ್ಮಗಳ ಬಲಗಿವಿ ಮುಚ್ಚಿ, ಎಡಕ್ಕೆ ಬಾಗಿ ಪಿಸುಗುಟ್ಟಿದಳು.

“ಕತ್ತೆ.”

ಸಣ್ಣಿ ತಟ್ಟನೆ ತಿರುಗಿದಳು. “ನೀನೇ ಕತ್ತೆ ಅಜ್ಜಿ!”

ಅವಳಿಗೆ ಕೇಳಿಸಿತೆಂದು ಒಂದು ಗಳಿಗೆ ಯಾರಿಗೂ ಹೊಳೆಯಲಿಲ್ಲ. ಆಮೇಲೆ ಅಮ್ಮ ಬ್ರಷ್ ಹಿಡಿದುಕೊಂಡೇ ಅಳತೊಡಗಿದಳು, ಬರೆದ ಅರ್ಧ ಕೈ ಕಣ್ಣೀರಲ್ಲಿ ಕಲಸಿಹೋಯಿತು. ಸಣ್ಣಿ ಅಜ್ಜಿಯನ್ನು ತಬ್ಬಿಕೊಂಡು ಇನ್ನೊಂದು ಹೇಳು, ಇನ್ನೊಂದು ಹೇಳು ಎಂದು ಪೀಡಿಸಿದಳು. ಅಜ್ಜಿ ಹಂದಿ ಎಂದಳು, ಕೋತಿ ಎಂದಳು. ಮೂವರೂ ಬಿದ್ದು ಬಿದ್ದು ನಕ್ಕರು.

ಹಜಾರದಲ್ಲಿ ಒಬ್ಬನೇ ಕೂತಿದ್ದ ಅಪ್ಪನಿಗೆ ಆ ನಗು ತಡೆಯಲಾಗಲಿಲ್ಲ. ಇಷ್ಟು ದಿನ ಹಲ್ಲು ಕಚ್ಚಿ ಹಿಡಿದಿದ್ದೆಲ್ಲಾ ಒಂದೇ ಸಲ ನೆತ್ತಿಗೇರಿತು. ಬಾಗಿಲಿಗೆ ಬಂದು ನಿಂತ.

“ನನ್ನ ನೋಡಿ ನಗ್ತೀರಾ? ನನ್ನ ಮನೇಲಿ ಕೂತು? ಎಲ್ಲದಕ್ಕೂ ನೀನೇ ಕಾರಣ ಕಣೇ, ದರಿದ್ರದವಳೇ!”

ಅವನ ಬಲಗೈ ಸಣ್ಣಿಯ ಕಡೆಗೆ ಎದ್ದಿತು. ಅಮ್ಮ ಸ್ಟೂಲಿಗೆ ಕಾಲು ತೊಡರಿ ಬಿದ್ದಳು. ನಡುವೆ ಉಳಿದವಳು ಅಜ್ಜಿ ಒಬ್ಬಳೇ. ಅವಳು ಮೊಮ್ಮಗಳನ್ನು ಬೆನ್ನ ಹಿಂದಕ್ಕೆ ತಳ್ಳಿ ನಿಂತಳು. ನಿಂತರೆ ಮಗನ ಎದೆಗೆ ಬರುವಷ್ಟು ಎತ್ತರ.

“ಅಮ್ಮಾ, ಸರಿ ಆ ಕಡೆ.”

ಅಜ್ಜಿ ಸರಿಯಲಿಲ್ಲ. ಸೊಸೆಯ ಕಡೆಗೆ ತಿರುಗಿದಳು.

“ಏನೇ, ಬಣ್ಣ ಉಳಿದಿದ್ಯಾ?”

“ಇದೆ ಅತ್ತೆ.”

“ಹಾಗಾದ್ರೆ ನನಗೂ ಒಂದು ಬರಿ.”

ಅವಳು ಬಿದ್ದ ಸ್ಟೂಲನ್ನು ಎತ್ತಿ, ಮಗನ ಕಾಲ ಬುಡದಲ್ಲೇ ಹಾಕಿಕೊಂಡು ಕೂತಳು. ಎಡಗಡೆಯ ನರೆಗೂದಲನ್ನು ಹಿಂದಕ್ಕೆ ಸರಿಸಿದಳು. ವರ್ಷಗಟ್ಟಲೆ ಯಾರೂ ಮಾತಾಡದೆ ಬಿಟ್ಟಿದ್ದ ಆ ಕಿವಿ ಬೆಳಕಿಗೆ ಬಂತು.

“ಇಲ್ಲಿ. ಕಿವಿ ಸೇರಿಸಿ ಬರಿ.”

ಅಪ್ಪನ ಕೈ ಎತ್ತಿದಲ್ಲೇ ಇತ್ತು. ಗಾಯದಕ್ಕ ಎದ್ದು ಬಂದು ಅತ್ತೆಯ ಗಲ್ಲ ಹಿಡಿದು ಕಿಟಕಿಯ ಕಡೆ ತಿರುಗಿಸಿದಳು. ತೋರುಬೆರಳು ಬರೆದಳು, ನಡುಬೆರಳು ಬರೆದಳು. ಉಂಗುರದ ಬೆರಳಿನ ಅರ್ಧಕ್ಕೆ ಬಂದು ಬ್ರಷ್ ಎತ್ತಿದಳು.

“ಯಾಕೆ ನಿಲ್ಲಿಸಿದೆ? ಪೂರ್ತಿ ಬರಿಯೇ” ಎಂದಳು ಅಜ್ಜಿ. “ನಿಮ್ಮ ಮಾವನ ಕೈಯಲ್ಲಿ ಐದೂ ಬೆರಳಿತ್ತು.”